ಜಲಪಾತದ ಪಟ್ಟಿ ಬೇಡ, ಹೊಳೆಯ ದಾರಿ ಹಿಡಿಯೋಣ

ಮಿರಗ ಮಳೆ ಹಿಡಿದು ವಾರ ಕಳೆಯುವಷ್ಟರಲ್ಲಿ ಬೆಳಗಾವಿಯ ಗೆಳೆಯರಿಂದ, ಹುಬ್ಬಳ್ಳಿಯ ನೆಂಟರಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಪ್ರಶ್ನೆ ಬರತೊಡಗುತ್ತದೆ: ‘ಖಾನಾಪುರ ಕಡೆ ಯಾರಿಗೂ ಗೊತ್ತಿಲ್ಲದ ಫಾಲ್ಸ್ ಯಾವುದದ? ಲೊಕೇಶನ್ ಕಳಸು.’ ಅದೇ ಹೊತ್ತಿಗೆ ಯೂಟ್ಯೂಬ್‌ನಲ್ಲಿ ‘ಬೆಳಗಾವಿ ಸಮೀಪದ ಹತ್ತು ಗುಪ್ತ ಜಲಪಾತಗಳು’ ಎಂಬ ವಿಡಿಯೊಗಳು ಏಳುತ್ತವೆ. ಪತ್ರಿಕೆಗಳ ಭಾನುವಾರದ ಪುಟದಲ್ಲಿ ಹಾಲ್ನೊರೆ, ಮಂಜು, ಹಸಿರು ಸೀರೆ ಉಟ್ಟ ಭೂಮಿತಾಯಿ ಎಲ್ಲ ಬಂದುಹೋಗುತ್ತವೆ. ಜುಲೈನಲ್ಲಿ ಅದೇ ಪತ್ರಿಕೆಗಳ ಒಳಪುಟದಲ್ಲಿ ಎರಡು ಕಾಲಂ ಸುದ್ದಿ: ಜಲಪಾತಗಳಿಗೆ ಪ್ರವೇಶ ನಿಷೇಧ, ಚೆಕ್‌ಪೋಸ್ಟ್‌ನಲ್ಲಿ ವಾಹನ ವಾಪಸ್.

ನನ್ನ ಮಟ್ಟಿಗೆ ಆ ಪಟ್ಟಿಯೂ ಸರಿಯಲ್ಲ, ಬರೀ ನಿಷೇಧವೂ ಸಾಲದು. ಈ ಕಣಿವೆಯನ್ನು ನೋಡಲು ಮೂರನೆಯ ದಾರಿಯೊಂದಿದೆ. ಹೊಳೆಯ ಜಾಡು ಹಿಡಿದು, ಇಲ್ಲಿ ಬದುಕಿರುವ ಜನರನ್ನು ಕೇಳಿಕೊಂಡು, ಅವರಿಗೂ ನಾಲ್ಕು ಕಾಸು ಸಿಗುವಂತೆ ನೋಡುವ ದಾರಿ ಅದು. ಈ ಲೇಖನ ಅದರ ಪರವಾದ ವಾದ.

ನನ್ನ ಊರು ನವಲಗುಂದ ಕಡೆಯದು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ಸ್ಟ್ರಿಂಗರ್ ಆಗಿದ್ದವನು ನಾಲ್ಕು ವರ್ಷದ ಹಿಂದೆ ಖಾನಾಪುರಕ್ಕೆ ಬಂದು ಬಾಡಿಗೆ ಮನೆ ಹಿಡಿದೆ. ಬೆಳಗಾವಿಯಿಂದ ಖಾನಾಪುರ 25 ಕಿಲೋಮೀಟರ್ ಆಸುಪಾಸು. ಕೆಲಸಕ್ಕೆ ದಿನಾ ಓಡಾಡುವವರು ಸಾವಿರಾರು ಮಂದಿ, ನಾನೂ ವಾರದಲ್ಲಿ ಮೂರು ದಿನ ಅದೇ ಬಸ್ಸಿನಲ್ಲಿರುತ್ತೇನೆ.

ನಮ್ಮೂರಿನಲ್ಲಿ ಮಲಪ್ರಭಾ ಎಂದರೆ ಕಾಲುವೆ. ಅದು ಹೊಳೆ ಎಂಬುದೇ ನಮ್ಮ ಮಕ್ಕಳಿಗೆ ಮರೆತುಹೋಗಿದೆ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದ ಗೋಲಿಬಾರ್ ನೆನಪನ್ನು ಪ್ರತಿವರ್ಷ ರೈತ ಹುತಾತ್ಮರ ದಿನವಾಗಿ ಆಚರಿಸುತ್ತೇವೆ. ಆ ಬಂಡಾಯ ಎದ್ದದ್ದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ. 2015ರಲ್ಲಿ ನರಗುಂದದಲ್ಲಿ ಟೆಂಟು ಹಾಕಿ ಕುಳಿತದ್ದು ಕಳಸಾ–ಬಂಡೂರಿ ನೀರಿಗಾಗಿ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಎರೆಭೂಮಿಯವರಿಗೆ ನದಿ ಎಂದರೆ ಕಾಯುವ ವಿಷಯ, ಕೇಳುವ ವಿಷಯ, ಜಗಳದ ವಿಷಯ.

ಖಾನಾಪುರದಲ್ಲಿ ಅದೇ ನದಿ ಸೇತುವೆಯ ಕೆಳಗೆ ಮೈತುಂಬಿ ಹೋಗುತ್ತದೆ. ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಮಳೆಯ ಲೆಕ್ಕವೇ ಬೇರೆ. ಭೀಮಗಡ ಕಾಡಿನೊಳಗಿನ ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ 10 ಸಾವಿರ ಮಿಲಿಮೀಟರ್ ದಾಟಿತ್ತು. ನಮ್ಮೂರಿಗೆ ಹದಿನೈದು ವರ್ಷಕ್ಕಾಗುವಷ್ಟು ಮಳೆ ಅಲ್ಲಿ ಒಂದೇ ವರ್ಷದಲ್ಲಿ! ಇದನ್ನು ನವಲಗುಂದದ ಕಟ್ಟೆಯ ಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಹೊಸದಾಗಿ ಬಂದವರು ಮೊದಲು ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ನಾನು ಕಣಕುಂಬಿ ಎನ್ನುತ್ತೇನೆ. ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿನ ಮೂಲಕ ಗೋವಾಕ್ಕೆ ಹೋಗುವ ರಸ್ತೆಯ ಮೇಲೇ ಇದೆ ಆ ಊರು. ಮಾವುಲಿ ದೇವಿಯ ಗುಡಿ, ಅದರ ಬಳಿ ಮಲಪ್ರಭೆಯ ಉಗಮ. ಇಲ್ಲಿ ಹುಟ್ಟಿದ ನೀರು 304 ಕಿಲೋಮೀಟರ್ ಹರಿದು, ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ಅಣೆಕಟ್ಟು ತುಂಬಿಸಿ, ಪಟ್ಟದಕಲ್ಲು, ಐಹೊಳೆಗಳನ್ನು ಹಾಯ್ದು, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಮುಂದೆ ಬಂಗಾಳ ಕೊಲ್ಲಿ. ಆದರೆ ಅದೇ ಊರಿನ ಇನ್ನೊಂದು ಮಗ್ಗುಲಲ್ಲಿ ಹರಿಯುವ ಕಳಸಾ ಹಳ್ಳ ಪಶ್ಚಿಮಕ್ಕೆ ತಿರುಗಿ ಮಹದಾಯಿ ಸೇರಿ, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಒಂದೇ ಗುಡ್ಡದ ಮೇಲೆ ಬಿದ್ದ ಮಳೆ ಎರಡು ಸಮುದ್ರಕ್ಕೆ ಪಾಲಾಗುವ ಜಾಗ ಇದು.

ಮೂರು ರಾಜ್ಯಗಳು ವರ್ಷಗಟ್ಟಲೆ ನ್ಯಾಯಮಂಡಳಿಯಲ್ಲಿ ವಾದಿಸಿದ್ದು ಈ ಗುಡ್ಡಗಳ ನೀರಿಗಾಗಿ. 2018ರ ಆಗಸ್ಟ್ 14ರಂದು ಬಂದ ತೀರ್ಪಿನಲ್ಲಿ ಕರ್ನಾಟಕಕ್ಕೆ ಹಂಚಿಕೆಯಾದದ್ದು 13.42 ಟಿಎಂಸಿ ಅಡಿ. ಅದರಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ. ಮಲಪ್ರಭಾ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಈ ಅಂಕಿಗಳನ್ನು ಬಾಯಿಪಾಠ ಹೇಳುವವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ, ಕಣಕುಂಬಿ ನೋಡಿದವರು ಮಾತ್ರ ವಿರಳ. ಬೆಳಗಾವಿಯಲ್ಲಿ ಕಾಡು ಉಳಿಸಿ ಎನ್ನುವವರಲ್ಲಿ ಬೇಸಿಗೆಯ ನವಲಗುಂದ ನೋಡಿದವರೂ ಅಷ್ಟೇ ವಿರಳ. ನನಗೆ ಆ ನೀರೂ ಬೇಕು, ಈ ಕಾಡೂ ಬೇಕು. ಎರಡನ್ನೂ ಉಳಿಸಿಕೊಳ್ಳುವ ಲೆಕ್ಕ ಹಾಕುವವರು ಎರಡೂ ತುದಿ ನೋಡಿರಬೇಕು ಎಂಬುದಷ್ಟೇ ನನ್ನ ಹಟ. ಸುತ್ತಾಟ ಎಂದರೆ ಬರೀ ಮೋಜು ಅಲ್ಲ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಕಣಿವೆಯ ಬಗ್ಗೆ ತೀರ್ಮಾನ ಮಾಡುವವರು, ಅದಕ್ಕಾಗಿ ಮತ ಹಾಕುವವರು, ಧರಣಿ ಕೂರುವವರು ಅದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು.

ಕಣಕುಂಬಿಯಿಂದ ಹೊಳೆಯ ಜೊತೆಗೇ ಇಳಿದರೆ ನೋಡಲು ಬೇಕಾದಷ್ಟಿದೆ. ಜಾಂಬೋಟಿ ಹತ್ತಿರ ಹಬ್ಬನಹಟ್ಟಿಯಲ್ಲಿ ಹೊಳೆಯೊಳಗೇ ಮಾರುತಿಯ ಗುಡಿಯಿದೆ. ಮಳೆ ಜೋರಾದಾಗ ನೀರಲ್ಲಿ ಮುಳುಗುತ್ತದೆ, ಇಳಿದಾಗ ಪೂಜೆ ಮತ್ತೆ ಶುರು. ಖಾನಾಪುರದ ಹತ್ತಿರ ಅಸೋಗಾದಲ್ಲಿ ದಂಡೆಯ ಮೇಲೆ ರಾಮಲಿಂಗೇಶ್ವರ ಗುಡಿ. ಶಿವರಾತ್ರಿಗೆ ಅಲ್ಲಿ ಜನವೋ ಜನ. ಖಾನಾಪುರ ಪೇಟೆಯನ್ನೇ ಸುತ್ತಿದರೆ ಹಂಚಿನ ಕಾರ್ಖಾನೆಗಳು, ಕುಂಬಾರರ ಮಣ್ಣಿನ ಕೆಲಸ. ಇಲ್ಲಿನ ಮಣ್ಣಿನ ಗುಣ ಕಂಡೇ ಖಾದಿ ಆಯೋಗದವರು ಇಲ್ಲಿ ಕುಂಬಾರಿಕೆ ತರಬೇತಿ ಕೇಂದ್ರ ನಡೆಸುತ್ತ ಬಂದಿದ್ದಾರೆ. ಬೆಳಗಾವಿಯಲ್ಲಿ ಡಬ್ಬಿಗಟ್ಟಲೆ ಕುಂದಾ ಕೊಂಡುಹೋಗುವವರು ಈ ಭಾಗದ ಗೌಳಿಗರ ಎಮ್ಮೆಗಳನ್ನೂ ಒಮ್ಮೆ ನೋಡಬೇಕು. ಹಾಲು, ಖವಾ ಇಲ್ಲದೆ ಕುಂದಾ ಎಲ್ಲಿಯದು?

ಹೊಳೆಯಿಂದ ತುಸು ಸರಿದರೆ ಹಲಸಿ. ಬನವಾಸಿ ಕದಂಬರ ಕಾಲದ ಪಲಾಶಿಕಾ ಇದೇ. ಐದನೇ ಶತಮಾನದಷ್ಟು ಹಿಂದಿನ ತಾಮ್ರಶಾಸನಗಳು ಇಲ್ಲಿ ಸಿಕ್ಕಿವೆ. 12ನೇ ಶತಮಾನದಲ್ಲಿ ಗೋವಾ ಕದಂಬರು ಕಟ್ಟಿಸಿದ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಮಳೆಗಾಲದ ಮಧ್ಯಾಹ್ನ ಅಲ್ಲಿ ಹೋದರೆ ಬಹುಶಃ ನೀವು ಮತ್ತು ಪೂಜಾರಪ್ಪ ಇಬ್ಬರೇ. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯಿದೆ. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದು ಈ ಊರಿನಲ್ಲಿ. ಅವನು ಬ್ರಿಟಿಷರ ವಿರುದ್ಧ ಗೆರಿಲ್ಲಾ ಯುದ್ಧ ಮಾಡಲು ಹೇಗೆ ಸಾಧ್ಯವಾಯಿತು ಎಂದು ಶಾಲೆಯ ಪಾಠದಿಂದ ತಿಳಿಯುವುದಕ್ಕಿಂತ ನಂದಗಡದ ಹಿಂದಿನ ಗುಡ್ಡ–ಕಾಡುಗಳನ್ನು ನೋಡಿದರೆ ಬೇಗ ತಿಳಿಯುತ್ತದೆ.

ಇವು ಯಾವುದಕ್ಕೂ ಹಗ್ಗ ಹಿಡಿದು ಇಳಿಯಬೇಕಿಲ್ಲ, ಅರಣ್ಯದ ಗೇಟು ತಪ್ಪಿಸಿ ನುಸುಳಬೇಕಿಲ್ಲ. ಕೆಂಪು ಬಸ್ಸು, ಇಲ್ಲವೇ ಟಂಟಂ, ಒಂದಿಷ್ಟು ನಡಿಗೆ ಸಾಕು. ಆದರೂ ‘ಗುಪ್ತ ಜಲಪಾತ’ದ ವಿಡಿಯೊಗೆ ಸಿಗುವ ಲೈಕು ಹಲಸಿಗೆ ಸಿಗುವುದಿಲ್ಲ. ಹಾಗಾಗಿ ಬೈಕುಗಳು ಹೋಗುವುದು ಕಾಡಿನೊಳಕ್ಕೇ.

ಆ ಕಾಡಿನ ಬಗ್ಗೆಯೂ ಹೇಳಬೇಕು. ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 190 ಚದರ ಕಿಲೋಮೀಟರ್. ಮಹದಾಯಿ ಹುಟ್ಟುವುದು ಇದರ ಮಡಿಲಲ್ಲಿ. ಗವಾಳಿ ಬಳಿ ಅದು ಧುಮುಕುವ ವಜ್ರಪೋಹ ಜಲಪಾತದ ಚಿತ್ರ ನೀವೆಲ್ಲ ನೋಡಿರುತ್ತೀರಿ. ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಗಳಲ್ಲಿ ಒಂದು ಜಾತಿಯ ಬಾವಲಿ ಇದೆ. ಆರ್.ಸಿ. ರಾಟನ್ ಎಂಬ ಅರಣ್ಯಾಧಿಕಾರಿಯ ಹೆಸರು ಹೊತ್ತಿರುವ ಈ ಬಾವಲಿಯನ್ನು ವಿಜ್ಞಾನಿಗಳು ವರ್ಣಿಸಿದ್ದು 1913ರಲ್ಲಿ. ಎಷ್ಟೋ ದಶಕ ಜಗತ್ತಿನಲ್ಲೆಲ್ಲೂ ಬೇರೆ ಕಡೆ ಇದು ಕಂಡಿರಲಿಲ್ಲ. ಆಮೇಲೆ ಮೇಘಾಲಯ, ಕಾಂಬೋಡಿಯಾಗಳಲ್ಲಿ ಕಂಡುಬಂತು. ಗುಹೆಯೊಳಗೆ ನಾಲ್ಕು ಜನ ಟಾರ್ಚು ಹಿಡಿದು ಕೂಗಾಡಿದರೂ ಅವುಗಳ ನೆಮ್ಮದಿ ಕೆಡುತ್ತದೆ. ಅಂಥ ಜಾಗವನ್ನು ಯಾರಿಗೂ ಯಾವತ್ತೂ ತೆರೆಯಬಾರದು. ಈ ವಿಷಯದಲ್ಲಿ ನಾನು ಅರಣ್ಯ ಇಲಾಖೆಯ ಪರ.

ಆದರೆ ಅದೇ ಕಾಡಿನಲ್ಲಿ ಮನುಷ್ಯರೂ ಇದ್ದಾರೆ. ಆಮಗಾಂವ, ತಳೇವಾಡಿ, ಗವಾಳಿ, ಕೃಷ್ಣಾಪುರ, ಕೊಂಗಳಾ, ಪಾಸ್ತೋಳಿ, ಮೆಂಡಿಲ್, ದೇಗಾಂವ ಎಂದು ಊರುಗಳ ಹೆಸರಿವೆ. ಹೆಚ್ಚಿನವರ ಮನೆಮಾತು ಮರಾಠಿ. ನನ್ನ ಹರುಕು ಮರಾಠಿಗೆ ಅವರು ತಮ್ಮ ಹರುಕು ಕನ್ನಡದಲ್ಲಿ ಉತ್ತರ ಕೊಡುತ್ತಾರೆ, ಮಾತು ನಡೆಯುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಈ ಊರುಗಳಲ್ಲಿ ಕೆಲವಕ್ಕೆ ಹೊರಜಗತ್ತಿನ ದಾರಿಯೇ ಕಡಿಯುತ್ತದೆ. 2024ರ ಜುಲೈನಲ್ಲಿ ಕಾಡಿನೊಳಗಿನ ಊರೊಂದರ ಕಾಯಿಲೆಯ ಮಹಿಳೆಯನ್ನು ಜನರು ಸುರಿವ ಮಳೆಯಲ್ಲಿ ಕಟ್ಟಿಗೆಯ ಸ್ಟ್ರೆಚರ್ ಮಾಡಿ ಹೆಗಲ ಮೇಲೆ ಕಿಲೋಮೀಟರ್‌ಗಟ್ಟಲೆ ಹೊತ್ತು ತಂದ ದೃಶ್ಯವನ್ನು ರಾಜ್ಯವೇ ನೋಡಿತು. ಆ ವಾರದಲ್ಲೂ ನನ್ನ ಫೋನಿಗೆ ಜಲಪಾತದ ಲೊಕೇಶನ್ ಕೇಳುವ ಮೆಸೇಜು ಬಂದಿದ್ದವು. ಒಂದೇ ಮಳೆ, ಒಂದೇ ಕಾಡು. ಒಬ್ಬರಿಗೆ ಅದು ರೀಲ್ಸ್, ಇನ್ನೊಬ್ಬರಿಗೆ ಆಸ್ಪತ್ರೆ ತಲುಪುತ್ತೇವೋ ಇಲ್ಲವೋ ಎಂಬ ಪ್ರಶ್ನೆ.

ಸರ್ಕಾರ ಇವರಿಗೆ ಮುಂದಿಟ್ಟಿರುವ ದಾರಿ ಸ್ವಯಂಪ್ರೇರಿತ ಸ್ಥಳಾಂತರ, ಕುಟುಂಬಕ್ಕೆ 15 ಲಕ್ಷ ರೂಪಾಯಿ. 2025ರಲ್ಲಿ ತಳೇವಾಡಿಯ 27 ಕುಟುಂಬಗಳಿಗೆ ಪರಿಹಾರದ ಮೊದಲ ಕಂತಿನ ಚೆಕ್ ವಿತರಣೆಯಾಯಿತು. ಹೋಗಲು ಸಿದ್ಧರಿರುವವರು ಹೋಗಲಿ, ಅದು ಅವರ ಹಕ್ಕು. ಒಲ್ಲೆ ಎನ್ನುವವರೂ ಇದ್ದಾರೆ. ಗದ್ದೆ, ದೇವರು, ಹಿರಿಯರ ಸಮಾಧಿ ಎಲ್ಲ ಅಲ್ಲೇ ಇರುವಾಗ ದುಡ್ಡಿನ ಲೆಕ್ಕ ಒಂದೇ ಸಾಲುವುದಿಲ್ಲ. ಇವರನ್ನು ಕಾಡಿಗೆ ಭಾರ ಎಂಬಂತೆ ನೋಡುತ್ತ, ವಾರಾಂತ್ಯದ ಬೈಕುಗಳನ್ನು ಮಾತ್ರ ಪ್ರವಾಸೋದ್ಯಮ ಎಂದು ಕರೆಯುವುದು ನನಗೆ ಒಪ್ಪಿತವಲ್ಲ.

ಈಗ ನಿಷೇಧದ ಮಾತಿಗೆ ಬರೋಣ. ಈಚಿನ ವರ್ಷಗಳಲ್ಲಿ ಮಳೆ ಜೋರಾದೊಡನೆ ಖಾನಾಪುರ ಕಾಡಿನ ಜಲಪಾತಗಳಿಗೆ ಹೋಗುವುದನ್ನು ಅರಣ್ಯ ಇಲಾಖೆ, ಪೊಲೀಸರು ತಡೆಯುತ್ತಿದ್ದಾರೆ. ಅದರ ಹಿಂದಿನ ಕಾಳಜಿ ನಿಜ. ಬಂಡೆಯ ಮೇಲೆ ಪಾಚಿ ಇರುತ್ತದೆ. ಮೇಲ್ಗಡೆ ಗುಡ್ಡದಲ್ಲಿ ಮಳೆ ಬಿದ್ದರೆ ಕೆಳಗೆ ಬಿಸಿಲಿದ್ದರೂ ಹಳ್ಳ ಏಕಾಏಕಿ ಏರುತ್ತದೆ. ಫೋನಿಗೆ ಸಿಗ್ನಲ್ ಇರುವುದಿಲ್ಲ. ಯಾರಾದರೂ ಬಿದ್ದರೆ ಹುಡುಕಲು ಇಳಿಯುವವರು ಕೊನೆಗೂ ಆ ಊರಿನ ಹುಡುಗರೇ.

ಆದರೆ ನಿಷೇಧ ಮೂರು ತಿಂಗಳದ್ದು, ಅಪಾಯ ವರ್ಷವಿಡೀ. 2022ರ ನವೆಂಬರ್‌ನಲ್ಲಿ ಬೆಳಗಾವಿಯ ನಾಲ್ವರು ಯುವತಿಯರು ಗಡಿಯಾಚೆ ಚಂದಗಡ ತಾಲ್ಲೂಕಿನ ಕಿತವಾಡ ಜಲಪಾತದಲ್ಲಿ ನೀರುಪಾಲಾದರು. ಅದು ಮಳೆಗಾಲವಲ್ಲ. ದಾರಿ ತೋರಿಸುವ, ‘ಅಕ್ಕಾ, ಇಲ್ಲಿಂದ ಮುಂದೆ ಹೋಗಬ್ಯಾಡ್ರಿ’ ಎಂದು ಕೂಗುವ ಒಬ್ಬ ಮನುಷ್ಯ ಇಂಥ ಜಾಗಗಳಲ್ಲಿ ನಿಂತಿರಬೇಕು. ಬೋರ್ಡಿನಿಂದ ಆ ಕೆಲಸ ಆಗುವುದಿಲ್ಲ. ಮುಖ್ಯ ರಸ್ತೆಯಲ್ಲಿ ಗೇಟು ಹಾಕಿದರೆ ಬೈಕಿನವರು ಕಾಲುದಾರಿ ಹುಡುಕುತ್ತಾರೆ. ಕಾಲುದಾರಿ ಇನ್ನೂ ಅಪಾಯ. ಗೇಟು ಬಿದ್ದಾಗ ಚಹಾ ಅಂಗಡಿಯವನ ದುಡಿಮೆ ನಿಲ್ಲುತ್ತದೆ, ಗೇಟು ಎದ್ದಾಗ ಪ್ಲಾಸ್ಟಿಕ್ ಬಾಟಲಿ, ಬೀರ್ ಗಾಜು ಊರವರ ಪಾಲಿಗೆ.

ಕರ್ನಾಟಕದಲ್ಲೇ ಬೇರೆ ರೀತಿ ನಡೆದ ಉದಾಹರಣೆ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿಯಾದ ಮೇಲೆ ಸರ್ಕಾರ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಂದಿಗೆ ಮತ್ತೆ ತೆರೆಯಿತು. ನಮಗೆ ಇನ್ನೂ ಹತ್ತಿರದ ಪಾಠ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿ. ನಮ್ಮದೇ ಸಹ್ಯಾದ್ರಿಯ ಸಾಲು, ಅಷ್ಟೇ ಸೂಕ್ಷ್ಮ ಜಾಗ. ಹೂ ಅರಳುವ ದಿನಗಳಲ್ಲಿ ಅಲ್ಲಿ ದಿನಕ್ಕೆ 3,000 ಮಂದಿಯ ಮಿತಿ ಇಟ್ಟು, ಶುಲ್ಕ ಪಡೆದು, ಬಂದವರನ್ನು ನೋಡಿಕೊಳ್ಳುವುದು ಸುತ್ತಲಿನ ಹಳ್ಳಿಗಳ ಜಂಟಿ ಅರಣ್ಯ ಸಮಿತಿ. ಟಿಕೆಟು ಹರಿಯುವವರು, ಹೂವಿನ ಹೆಸರು ಹೇಳುವವರು, ದಾಟಬೇಡಿ ಎಂದು ಸೀಟಿ ಊದುವವರು ಎಲ್ಲ ಹಳ್ಳಿಯವರೇ.

ಖಾನಾಪುರಕ್ಕೂ ಇದೇ ಆಗಬೇಕು ಎನ್ನುವುದು ನನ್ನ ವಾದ. ಕಾಡಿನ ಅಂಚಿನ ಊರುಗಳಲ್ಲಿ ಗ್ರಾಮ ಅರಣ್ಯ ಸಮಿತಿಗಳನ್ನು ಗಟ್ಟಿ ಮಾಡಿ, ಹತ್ತಿಪ್ಪತ್ತು ಯುವಕ–ಯುವತಿಯರಿಗೆ ಮಾರ್ಗದರ್ಶಿ ತರಬೇತಿ ಕೊಡಲಿ. ಧೋ ಎಂದು ಸುರಿಯುವ ವಾರಗಳಲ್ಲಿ ಒಳಗಿನ ಜಲಪಾತಗಳಿಗೆ ಬೀಗವೇ ಇರಲಿ. ಮಳೆ ಇಳಿದ ಮೇಲೆ ಆಯ್ದ ಎರಡೋ ಮೂರೋ ದಾರಿಗಳನ್ನು ಮಾತ್ರ, ದಿನದ ಮಿತಿ ಹಾಕಿ, ಮಾರ್ಗದರ್ಶಿ ಇಲ್ಲದೆ ಯಾರಿಗೂ ಬಿಡದೆ ತೆರೆಯಲಿ. ಬಾರಾಪೇಡೆಯಂಥ ಜಾಗ ಪೂರ್ತಿ ಬಂದ್. ಬಂದ ಶುಲ್ಕದಲ್ಲಿ ಊರಿಗೆಷ್ಟು, ಇಲಾಖೆಗೆಷ್ಟು ಎಂದು ಗೇಟಿನ ಬೋರ್ಡಿನ ಮೇಲೆ ಬರೆಯಲಿ. ಊರಿನ ಪಾಲಿನ ಮೊದಲ ಖರ್ಚು ಮಳೆಗಾಲದಲ್ಲಿ ರೋಗಿಯನ್ನು ಸಾಗಿಸುವ ವ್ಯವಸ್ಥೆಗಾಗಲಿ. ಹೆಮ್ಮಡಗಾದಲ್ಲಿ ಇಲಾಖೆಯ ನೇಚರ್ ಕ್ಯಾಂಪ್ ಈಗಾಗಲೇ ಇದೆ, ಹಾಗಾಗಿ ಶುರು ಮಾಡಲು ಹೊಸ ಕಟ್ಟಡವೇನೂ ಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ‘ನಾಳೆ ಊರು ಬಿಡುವವರಿಗೆ ಇವತ್ತು ತರಬೇತಿ ಯಾಕೆ?’ ಎಂದು ಕೇಳುವವರಿದ್ದಾರೆ. ಊರು ಬಿಟ್ಟವರೂ ಇದೇ ತಾಲ್ಲೂಕಿನ ಆಸುಪಾಸು ನೆಲೆಸಿದರೆ ಅವರ ಕಾಡಿನ ತಿಳಿವಳಿಕೆ ಎಲ್ಲೂ ಹೋಗುವುದಿಲ್ಲ. ಯಾವ ಹಳ್ಳ ಯಾವ ಮಳೆಗೆ ಏರುತ್ತದೆ, ಕರಡಿ ಯಾವ ಹೊತ್ತಿಗೆ ಯಾವ ದಾರಿ ದಾಟುತ್ತದೆ ಎಂದು ತಿಳಿದವರನ್ನು ಹೋಟೆಲಿನ ತಟ್ಟೆ ತೊಳೆಯಲು ಗೋವಾಕ್ಕೆ ಕಳಿಸುವುದು ಯಾವ ಜಾಣತನ? ಇನ್ನೊಂದು ಆಕ್ಷೇಪ, ಜನ ಬಂದರೆ ಕಾಡು ಕೆಡುತ್ತದೆ ಎಂಬುದು. ಜನ ಈಗಲೂ ಬರುತ್ತಿದ್ದಾರೆ, ಲೆಕ್ಕವಿಲ್ಲದೆ, ಕಾವಲಿಲ್ಲದೆ. ಮಿತಿ ಹಾಕಿದರೆ ಸಂಖ್ಯೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಇನ್ನು ನಮ್ಮ ವೃತ್ತಿಯವರಿಗೆ ಒಂದು ಮಾತು. ಈ ಬ್ಲಾಗ್ ಓದುವವರಲ್ಲಿ ಅರ್ಧಕ್ಕರ್ಧ ನನ್ನಂಥ ತಾಲ್ಲೂಕು ವರದಿಗಾರರೇ. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ಎಣಿಸಿ ಕೊಡುವ ದುಡ್ಡಿನಲ್ಲಿ ಡೆಸ್ಕಿನವರು ಕೇಳಿದ್ದನ್ನು ಕೊಡಬೇಕಾದ ಒತ್ತಡ ನನಗೂ ಗೊತ್ತು. ಆದರೂ ಮೂರು ಕೆಲಸ ನಮ್ಮ ಕೈಯಲ್ಲಿವೆ. ಕಾಡಿನೊಳಗಿನ ಜಲಪಾತದ ಲೊಕೇಶನ್ ಪಿನ್ ಹಾಕದಿರುವುದು ಮೊದಲನೆಯದು. ಜಾಗದ ಬಗ್ಗೆ ಬರೆದರೆ ಅದು ಯಾವ ಊರಿನದು, ಆ ಊರಿಗೆ ರಸ್ತೆ ಇದೆಯೇ, ಶಾಲೆ ಇದೆಯೇ ಎಂದೂ ಬರೆಯುವುದು ಎರಡನೆಯದು. ಹಲಸಿ, ನಂದಗಡ, ಕಣಕುಂಬಿಗಳಿಗೆ ಜುಲೈನ ಭಾನುವಾರದ ಪುಟದಲ್ಲಿ ಜಾಗ ಕೇಳಿ ಪಡೆಯುವುದು ಮೂರನೆಯದು. ಜನ ಎಲ್ಲಿ ಹೋಗಬಾರದು ಎಂದು ಬರೆದರೆ ಸಾಲದು, ಎಲ್ಲಿ ಹೋಗಬಹುದು ಎಂದೂ ಹೇಳಬೇಕು.

ಬೆಳಗಾವಿಗೋ ಖಾನಾಪುರಕ್ಕೋ ವರ್ಗವಾಗಿ, ಮದುವೆಯಾಗಿ, ಕೆಲಸ ಹುಡುಕಿಕೊಂಡು ಹೊಸದಾಗಿ ಬಂದವರಿಗೆ ನನ್ನ ಸಲಹೆ ಸಣ್ಣದು. ಮೊದಲ ಮಳೆಗಾಲ ಕಾಡಿನ ಗೇಟಿನ ಹೊರಗೇ ಕಳೆಯಿರಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯಿಂದ ಶುರು ಮಾಡಿ. 1204ರ ಆಸುಪಾಸಿನಲ್ಲಿ ರಟ್ಟರ ಮಂತ್ರಿ ಬೀಚಿರಾಜ ಕಟ್ಟಿಸಿದ್ದು ಅದು. ಒಂದು ಭಾನುವಾರ ಹಲಸಿ, ಒಂದು ಭಾನುವಾರ ನಂದಗಡ, ಮಳೆ ತುಸು ಇಳಿದಾಗ ಕಣಕುಂಬಿ. ನಲ್ಲಿಯ ನೀರು ಯಾವ ಹೊಳೆಯದು ಎಂದು ಮನೆ ಮಾಲೀಕರನ್ನು ಕೇಳಿ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಕಾಕಾ, ಮಾವಶಿಯರನ್ನು ಅವರ ಊರಿನ ಬಗ್ಗೆ ಕೇಳಿ. ಮರಾಠಿಯಲ್ಲಿ ನಾಲ್ಕು ಮಾತು ಕಲಿಯಿರಿ, ಅವರು ನಿಮಗೆ ನಲವತ್ತು ಹೇಳುತ್ತಾರೆ. ಚಳಿಗಾಲಕ್ಕೆ ಯಾರಾದರೂ ‘ನಮ್ಮೂರಿಗೆ ಬರ್ರಿ, ನಾನು ತೋರಸ್ತೀನಿ’ ಎಂದೇ ಎನ್ನುತ್ತಾರೆ. ಆಗ ಹೋಗಿ.

ನಾನಂತೂ ಲೊಕೇಶನ್ ಕೇಳುವವರಿಗೆ ಈಗ ಕಳಿಸುವುದು ಕಣಕುಂಬಿಗೆ ಹೋಗುವ ಬಸ್ಸಿನ ಟೈಮು.